ಗುಂಡು ಹೊಡೆಸೋಕೆ ಮುಂಚೆ

ವಿದ್ಯಾನಗರ, ದಾವಣಗೆರೆ
ಶಿವರಾತ್ರಿ ಕಳೆದ ವಾರ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. "ಮಾವ, ತಲೆ ಪೂರ್ತಿ ಬೋಳಿಸಿಬಿಡಲಾ?" ಅಂತ ಕೇಳಿದ್ದೆ. ಫೋನಿನಲ್ಲಿ ಹೂಂ, ಉಹೂಂ ಅಂದು ಮುಗಿಸೋ ಮಾತಲ್ಲ ಅಂತ ಕಾಗದ ಬರೀತಿದ್ದೇನೆ. ಬೋಳಿಸು. ಆದರೆ ಈ ವಾರ ಬೇಡ, ಒಂದೇ ಏಟಿಗೂ ಬೇಡ.

ಮೊದಲು ಉದುರುತ್ತಿರೋ ಬಗೆ ಯಾವುದು ಅಂತ ನೋಡಿಕೋ. ದಿನಕ್ಕೆ 50ರಿಂದ 100 ಕೂದಲು ಎಲ್ಲರಿಗೂ ಉದುರುತ್ತೆ, ಅದನ್ನ ಲೆಕ್ಕಕ್ಕೆ ಹಿಡೀಬೇಡ. ಹಣೆಯ ಎರಡು ಮೂಲೆ ಹಿಂದಕ್ಕೆ ಸರಿದು, ನೆತ್ತಿಯ ಸುಳಿ ಹತ್ತಿರ ಚರ್ಮ ಕಾಣೋಕೆ ಶುರುವಾಗಿ, ಕೊನೆಗೆ ಕಿವಿಯಿಂದ ಕಿವಿಗೆ ಲಾಳದ ಆಕಾರದಲ್ಲಿ ಮಾತ್ರ ಕೂದಲು ಉಳೀತಿದ್ದರೆ ಅದು ವಂಶದಿಂದ ಬಂದ ಬೋಳು. ಟೆಸ್ಟೋಸ್ಟೆರೋನ್ ಅನ್ನೋ ಹಾರ್ಮೋನು ಮೈಯಲ್ಲೇ ಡಿಎಚ್‌ಟಿ ಅನ್ನೋದಾಗಿ ಬದಲಾಗುತ್ತೆ. ನೆತ್ತಿಯ ಕೂದಲಿನ ಬುಡಕ್ಕೆ ಅದು ಆಗಿಬರಲ್ಲ, ಹಿಂದಲೆಯದಕ್ಕೆ ಅಷ್ಟು ಬಾಧಕವಿಲ್ಲ. ಅದಕ್ಕೇ ಮೇಲೆ ಬಯಲು, ಕೆಳಗೆ ಬೇಲಿ. ಇದು ತಾನಾಗೇ ವಾಸಿಯಾಗೋದಲ್ಲ.

ಬೇರೆ ಬಗೆಯದಾದರೆ ಬೋಳಿಸೋ ಅವಸರ ಬೇಡ. ಡೆಂಗಿಯೋ ಟೈಫಾಯ್ಡೋ ಬಂದು ಹೋದ ಎರಡು-ಮೂರು ತಿಂಗಳಿಗೆ ತಲೆ ತುಂಬ ಒಂದೇ ಸಮ ಉದುರಿದರೆ, ಅದು ಆರು ತಿಂಗಳ ಆಸುಪಾಸಿನಲ್ಲಿ ತಾನಾಗೇ ನಿಂತು ಮತ್ತೆ ಬರುತ್ತೆ. ರೂಪಾಯಿ ನಾಣ್ಯದಷ್ಟು ದುಂಡಗೆ ಒಂದೇ ಜಾಗ ಬೋಳಾದರೆ, ತಲೆಯಲ್ಲಿ ಹೊಟ್ಟು ಎದ್ದು ತುರಿಕೆ ಇದ್ದರೆ, ಥೈರಾಯ್ಡ್ ಅನುಮಾನ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸು. ನಿಮ್ಮ ಚಿತ್ರದುರ್ಗದಲ್ಲಿ ಜಿಲ್ಲಾಸ್ಪತ್ರೆ ಇದೆ, ಇಲ್ಲಿಗೆ ಬಂದರೆ ಬಾಪೂಜಿ ಆಸ್ಪತ್ರೆ ಇದೆ. ಚೀಟಿ ಮಾಡಿಸಿ ಕೂತರೆ ಅರ್ಧ ದಿನದ ಕೆಲಸ.

ಔಷಧಿ ಇಲ್ಲವಾ ಅಂದರೆ ಇದೆ. ಮಿನಾಕ್ಸಿಡಿಲ್ 5% ದ್ರಾವಣ, ಸಲಕ್ಕೆ 1 ಮಿ.ಲೀ., ದಿನಕ್ಕೆ ಎರಡು ಸಲ, ಒಣಗಿದ ನೆತ್ತಿಗೆ. ಮೊದಲ ಕೆಲವು ವಾರ ಇನ್ನೂ ಜಾಸ್ತಿ ಉದುರಬಹುದು. ಬಹಳ ಜನ ಅಲ್ಲೇ ಹೆದರಿ ಬಿಟ್ಟುಬಿಡ್ತಾರೆ. ಫಲ ಕಾಣೋಕೆ 4ರಿಂದ 6 ತಿಂಗಳು ಬೇಕು. ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಬಂದದ್ದೂ ಹೋಗುತ್ತೆ. ಫಿನಾಸ್ಟರೈಡ್ 1 ಮಿ.ಗ್ರಾಂ ಮಾತ್ರೆ ಡಿಎಚ್‌ಟಿಯನ್ನೇ ತಗ್ಗಿಸುತ್ತೆ. ಅದು ಡಾಕ್ಟರು ಬರೆದುಕೊಟ್ಟರೆ ಮಾತ್ರ. ಕೆಲವರಿಗೆ ಕಾಮಾಸಕ್ತಿ ಕುಗ್ಗುತ್ತೆ. ಇನ್ನೊಂದು, ಪ್ರಾಸ್ಟೇಟಿಗೆ ಮಾಡಿಸೋ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನ ಅದು ಸುಮಾರು ಅರ್ಧಕ್ಕೆ ಇಳಿಸುತ್ತೆ. ನಿನ್ನ ವಯಸ್ಸಿನವರು ಆ ಮಾತ್ರೆ ನುಂಗ್ತಿದ್ದರೆ ಪರೀಕ್ಷೆ ಮಾಡೋ ಡಾಕ್ಟರಿಗೆ ಹೇಳಲೇಬೇಕು, ಇಲ್ಲದಿದ್ದರೆ ಇರೋ ರೋಗವೂ ಕಾಗದದಲ್ಲಿ ಕಾಣಲ್ಲ.

ಇನ್ನು ಕೂದಲು ನಾಟಿ. ನಮ್ಮ ಭದ್ರಾ ಅಚ್ಚುಕಟ್ಟಿನ ಭತ್ತದ ನಾಟಿ ಇದ್ದ ಹಾಗೇ ಅದು. ಹಿಂದಲೆಯೇ ಸಸಿಮಡಿ. ಮಡಿಯಲ್ಲಿ ಇರೋಷ್ಟೇ ಸಸಿ, ಗದ್ದೆ ಎಷ್ಟೇ ದೊಡ್ಡದಿರಲಿ. ನೆಟ್ಟದ್ದು ನಿಂತರೂ ಅದರ ಹಿಂದಿನ ಹಳೇ ಕೂದಲು ಉದುರೋದು ನಿಲ್ಲಲ್ಲ, ಆಗ ನಡುವೆ ದ್ವೀಪದ ಥರ ಕಾಣುತ್ತೆ. ಈರುಳ್ಳಿ ರಸ, ಕಾಡುಮೂಲಿಕೆ ಎಣ್ಣೆಗಳ ಬಗ್ಗೆ ಬರೆಯೋಕೆ ಶಾಯಿ ದಂಡ.

ಬೋಳಿಸೋ ಹೊತ್ತು ಬಂತು ಅಂತ ತಿಳಿಯೋಕೆ ಒಂದು ಪರೀಕ್ಷೆ ಇದೆ. ಸ್ನಾನ ಆದ ಮೇಲೆ ತಲೆ ಒದ್ದೆ ಇರುವಾಗಲೇ ಟ್ಯೂಬ್‌ಲೈಟ್ ಕೆಳಗೆ ನಿಂತು, ಒಂದು ಕನ್ನಡಿ ಎದುರಿಗೆ, ಒಂದು ಹಿಂದೆ ಹಿಡಿದು ನೋಡು. ನೆತ್ತಿಯ ಚರ್ಮ ಕೂದಲಿಗಿಂತ ಜಾಸ್ತಿ ಕಂಡರೆ, ಬೈತಲೆ ವರ್ಷ ವರ್ಷ ಕಿವಿ ಕಡೆಗೆ ಇಳೀತಾ ಬಂದಿದ್ದರೆ, ಹೊತ್ತು ಬಂದಿದೆ. ಪಕ್ಕದ ಕೂದಲನ್ನ ಎಳೆದು ನೆತ್ತಿ ಮುಚ್ಚೋದು ಫೋಟೋದಲ್ಲಿ ನಡೆಯುತ್ತೆ, ದುರ್ಗದಲ್ಲಿ ನಡೆಯಲ್ಲ. ಸುಮ್ಮನೆ ಅಲ್ಲ ಆ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರೋದು!

ಬೋಳಿಸಿದರೆ ದಪ್ಪಗೆ ಬರುತ್ತೆ ಅಂತ ಯಾರಾದರೂ ಹೇಳಿದ್ದರೆ ನಂಬಬೇಡ. ಬ್ಲೇಡು ಮುಟ್ಟೋದು ಚರ್ಮದ ಮೇಲಿನ ಸತ್ತ ಎಳೆಯನ್ನ, ಬುಡ ಇರೋದು ಒಳಗೆ. ಕತ್ತರಿಸಿದ ತುದಿ ಮೊಂಡಾಗಿರೋದರಿಂದ ಕೈಗೆ ಒರಟಾಗಿ ಸಿಗುತ್ತೆ, ಅಷ್ಟೇ.

ಬ್ಲೇಡಿಗೆ ಮುಂಚೆ ಇನ್ನೊಂದು ಕೆಲಸ ಇದೆ. ನಿಮ್ಮವ್ವನಿಗೆ ಹೇಳು. ನಮ್ಮ ಕಡೆ ಗುಂಡು ಅಂದರೆ ಎರಡೇ ಅರ್ಥ: ಒಂದೋ ತಿರುಪತಿ, ಧರ್ಮಸ್ಥಳದ ಹರಕೆ, ಇಲ್ಲಾ ಮನೇಲಿ ಯಾರೋ ಹೋಗಿದ್ದಾರೆ. ತಾಯಿ ಕಣ್ಣೆದುರು ಇರುವಾಗ ಮಗ ಹೇಳದೇ ಕೇಳದೇ ನುಣ್ಣಗೆ ಬೋಳಿಸಿಕೊಂಡು ಬಾಗಿಲಲ್ಲಿ ನಿಂತರೆ ಅಕ್ಕನ ಎದೆ ಧಸಕ್ ಅನ್ನುತ್ತೆ. ಶಾಸ್ತ್ರ ಹೌದೋ ಅಲ್ಲವೋ ಅಂತ ಅವಳ ಹತ್ತಿರ ವಾದಕ್ಕೆ ಇಳೀಬೇಡ. ಹಂತ ಹಂತವಾಗಿ ಇಳಿಸಿದರೆ ಅವಳ ಕಣ್ಣಿಗೂ ರೂಢಿಯಾಗುತ್ತೆ. ಮೇ ತಿಂಗಳಲ್ಲಿ ಮನೆಯ ಮದುವೆ ಇದೆ, ಅದು ಮುಗಿಯೋವರೆಗೆ ಬ್ಲೇಡ್ ಬೇಡ. ಶ್ರಾವಣ ಹಿಡಿದರೆ ಕೂದಲಿಗೆ ಕತ್ತರಿ ಹಾಕಿಸಬಾರದು ಅಂತ ಮತ್ತೆ ಶುರುವಾಗುತ್ತೆ. ನಡುವೆ ಕಾರಹುಣ್ಣಿಮೆ ಹೊತ್ತು ಸರಿ. ಬಿಸಿಲೂ ಇಳಿದಿರುತ್ತೆ.

ಹಂತ ಅಂದರೆ ಹೀಗೆ. ಈಗ ಮಷಿನ್‌ನಲ್ಲಿ 3ನೇ ನಂಬರ್ ಹೊಡೆಸು, ಸುಮಾರು 10 ಮಿ.ಮೀ. ಉಳಿಯುತ್ತೆ. ಎರಡು ವಾರ ಬಿಟ್ಟು 2, ಅಂದರೆ 6 ಮಿ.ಮೀ. ಆಮೇಲೆ 1, ಅಂದರೆ 3 ಮಿ.ಮೀ. ಬದಿಯ ಕೂದಲು ಗಿಡ್ಡ ಆದಷ್ಟೂ ನೆತ್ತಿಗೂ ಬದಿಗೂ ಇರೋ ವ್ಯತ್ಯಾಸ ಕಣ್ಣಿಗೆ ಹೊಡೆಯೋದು ಕಡಿಮೆಯಾಗುತ್ತೆ. 1ಕ್ಕೆ ಬರೋಷ್ಟರಲ್ಲಿ ಅರ್ಧ ಜಗಳ ಮುಗಿದಿರುತ್ತೆ. ಒಂದು ಎಚ್ಚರ: ಮನೆಗೆ ತರೋ ಟ್ರಿಮ್ಮರುಗಳಲ್ಲಿ ನಂಬರಿನ ಬದಲು ಮಿಲಿಮೀಟರ್ ಬರೆದಿರೋದು ಹೆಚ್ಚು. ಅಲ್ಲಿಯ 3 ಅಂದರೆ ಅಂಗಡಿಯ 1. ಇದು ಗೊತ್ತಿಲ್ಲದೆ ನಡು ನೆತ್ತಿಯಲ್ಲಿ ಒಂದು ಸಾಲು ಉತ್ತುಬಿಟ್ಟರೆ ಪೂರ್ತಿ ಉಳಲೇಬೇಕಾಗುತ್ತೆ.

ಕೊನೆಗೆ ಮಷಿನ್ ಬಾಯಿಗೆ ಸಿಕ್ಕಿಸೋ ಬಾಚಣಿಗೆ, ಅಂದರೆ ಅಡಾಪ್ಟರ್ ತೆಗೆದು ಬರೀ ಮಷಿನ್, ಅಂಗಡಿಯವರ ಮಾತಿನಲ್ಲಿ ಜೀರೋ. ನನ್ನನ್ನ ಕೇಳಿದರೆ ಅಲ್ಲಿಗೇ ನಿಂತರೂ ಸಾಕು. ನಾಲ್ಕು ಹೆಜ್ಜೆ ದೂರದಿಂದ ಜೀರೋಗೂ ಬ್ಲೇಡಿಗೂ ಹೆಚ್ಚು ವ್ಯತ್ಯಾಸ ಕಾಣಲ್ಲ. ನಿನಗೆ ಶುಗರ್ ಬೇರೆ ಇದೆ, ಗಾಯ ಆದರೆ ಮಾಯೋದು ನಿಧಾನ. ಮಷಿನ್‌ನಲ್ಲಿ ಗಾಯ ಆಗೋದು ಅಪರೂಪ. ಆದರೂ ನುಣ್ಣಗೇ ಬೇಕು ಅಂದರೆ ಮುಂದಿನದನ್ನ ಗಮನ ಇಟ್ಟು ಓದು.

ಮೊದಲ ಸಲ ಅಂಗಡಿಗೇ ಹೋಗು. ತಲೆಯ ಉಬ್ಬು ತಗ್ಗು ಅವರ ಕೈಗೆ ಗೊತ್ತು. ನಿನ್ನ ಕಣ್ಣೆದುರೇ ಹೊಸ ಬ್ಲೇಡ್ ಮುರಿದು ಹಾಕಲಿ. ಪಟಿಕದ ಕಲ್ಲು ಎಲ್ಲರ ಕೆನ್ನೆಗೂ ಉಜ್ಜಿದ್ದಾದರೆ ಬೇಡ ಅನ್ನು, ಸಂಕೋಚಪಡಬೇಡ. ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದಲ್ಲಿ ಕನಿಷ್ಠ 7 ದಿನ ಜೀವ ಹಿಡಿದಿರುತ್ತೆ. ಒಂದು ತುಂಡು ಪಟಿಕ ಮನೆಯಿಂದಲೇ ಒಯ್ದರೆ ಯಾರಿಗೂ ಬೇಜಾರಿಲ್ಲ.

ಮನೆಯಲ್ಲಿ ಮಾಡೋದಾದರೆ ಬಿಸಿನೀರಿನ ಸ್ನಾನ ಆದ ಮೇಲೆ ಮಾಡು. ನೆಂದ ಕೂದಲು ಮೆತ್ತಗಾಗೋಕೆ ಮೂರು-ನಾಲ್ಕು ನಿಮಿಷ ಬೇಕು. ಬೋರಿನ ನೀರು ಗಡಸಾಗಿದ್ದರೆ ಸೋಪು ನೊರೆ ಬರಲ್ಲ, ನೊರೆ ಇಲ್ಲದ ಕಡೆ ಬ್ಲೇಡು ಚರ್ಮ ಕೆರೆಯುತ್ತೆ. ಹಾಗಾಗಿ ನೊರೆ ಕಲಸೋಕೆ ಒಂದು ಲೋಟ ಕುಡಿಯೋ ನೀರು ತಗೋ. ಶೇವಿಂಗ್ ಕ್ರೀಮಿಗೆ ಮುಂಚೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿದರೆ ಜಾರುತ್ತೆ. ಜಾಸ್ತಿ ಹಾಕಿದರೆ ಬ್ಲೇಡಿನ ಸಂದಿಗೆ ಅಂಟುತ್ತೆ.

ಕೈ ಆಡಿಸಿ ಕೂದಲು ಯಾವ ಕಡೆ ಮಲಗಿದೆ ಅಂತ ನೋಡು. ನೆತ್ತಿಯಲ್ಲಿ ಸುಳಿಯಿಂದ ಮುಂದಕ್ಕೆ, ಬದಿಗಳಲ್ಲಿ ಕೆಳಕ್ಕೆ. ಹಿಂಗತ್ತಿನಲ್ಲಿ ಮಾತ್ರ ಮೋಸ, ಅಲ್ಲಿ ಅಡ್ಡಕ್ಕೂ, ಕೆಳಗಿಂದ ಮೇಲಕ್ಕೂ ಬೆಳೆದಿರೋದುಂಟು. ಮೊದಲ ಒಂದು ತಿಂಗಳು ಕೂದಲು ಮಲಗಿದ ದಿಕ್ಕಿಗೇ ಎಳೆ, ಎದುರು ಎಳೀಬೇಡ. ಒಂದು ಎಳೆತ ಎರಡು ಬೆರಳ ಅಗಲಕ್ಕಿಂತ ಉದ್ದ ಬೇಡ. ಎರಡು ಎಳೆತಕ್ಕೊಮ್ಮೆ ಬ್ಲೇಡು ತೊಳಿ. ತೆಳ್ಳಗಿರೋ ನೆತ್ತಿ ಮೊದಲು, ದಪ್ಪ ಕೂದಲಿನ ಹಿಂದಲೆ ಕೊನೆಗೆ. ಅಷ್ಟರಲ್ಲಿ ಅದು ಇನ್ನೂ ಚೆನ್ನಾಗಿ ನೆಂದಿರುತ್ತೆ. ಕಿವಿಯನ್ನ ಮುಂದಕ್ಕೆ ಮಡಚಿ ಹಿಡಿದು ಅದರ ಹಿಂಭಾಗ ಮಾಡು. ತಲೆಬುರುಡೆಯ ಹಿಂದೆ ಒಂದು ಮೂಳೆಯ ಉಬ್ಬು ಸಿಗುತ್ತಲ್ಲ, ಗಾಯ ಆಗೋದು ಅಲ್ಲೇ. ಅಲ್ಲಿ ಚರ್ಮವನ್ನ ಇನ್ನೊಂದು ಕೈಯಿಂದ ಮೇಲಕ್ಕೆ ಎಳೆದು, ಒತ್ತದೆ ಸುಮ್ಮನೆ ಹರಿಸು. ನರುಳ್ಳೆ, ಮಚ್ಚೆ ಇದ್ದರೆ ಜೀರೋ ಹೊಡೆಸಿದ ದಿನವೇ ನೋಡಿಕೊಂಡಿರು. ನೊರೆ ಹಚ್ಚಿದ ಮೇಲೆ ಯಾವುದೂ ಕಾಣಲ್ಲ. ಕತ್ತು ಆಡುವ ಕಾರ್ಟ್ರಿಜ್ ರೇಜರೇ ತಲೆಗೆ ಸರಿ. ಎರಡಂಚಿನ ಬ್ಲೇಡಿನ ಹಳೇ ಸೆಟ್ಟು ಗಲ್ಲಕ್ಕೆ ಇರಲಿ.

ಆದ ಮೇಲೆ ತಣ್ಣೀರು, ಮೆತ್ತಗೆ ಒತ್ತಿ ಒರೆಸೋದು, ವಾಸನೆ ಇಲ್ಲದ ಮಾಯಿಶ್ಚರೈಸರ್. ಸ್ಪಿರಿಟ್ ಇರೋ ಆಫ್ಟರ್‌ಶೇವ್ ಬೇಡ. ಕೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತೆ, ಅಂದರೆ ಮೂರನೇ ದಿನಕ್ಕೇ ಲಾಳ ಕಪ್ಪಗೆ ಎದ್ದು ಕಾಣುತ್ತೆ, ನಿನ್ನದಾದರೆ ಬಿಳುಪು ಬೆರೆತು. ವಾರಕ್ಕೆ ಎರಡು-ಮೂರು ಸಲ ಈ ಕೆಲಸ ಇದ್ದದ್ದೇ. ಆರು ಶೇವಿಗೊಂದು ಬ್ಲೇಡು ಬದಲಾಯಿಸು. ಬಾಚಣಿಗೆ ಉಳಿಸಿದ ದುಡ್ಡು ಅಲ್ಲಿಗೆ ಹೋಗುತ್ತೆ.

ಹಿಂದಲೆಯಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದರೆ ಮೊಂಡು ಬ್ಲೇಡು, ಇಲ್ಲಾ ಎದುರು ಎಳೆದದ್ದು, ಇಲ್ಲಾ ಒತ್ತಿದ್ದು ಕಾರಣ. ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಹೊರಗೆ ಬರೋ ಬದಲು ಚರ್ಮದೊಳಗೇ ಮಡಚಿಕೊಳ್ಳುತ್ತೆ. ಬ್ಲೇಡ್ ನಿಲ್ಲಿಸಿ, ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ ಕೊಡು, ಗುಳ್ಳೆ ಇಳಿಯೋ ತನಕ ಮಷಿನ್ ಸಾಕು. ಸೂಜಿ ಹಾಕಿ ಕೀಳಬೇಡ. ಕೀವು ಕಂಡರೆ ಡಾಕ್ಟರು. ಮೆಡಿಕಲ್ ಶಾಪಿನವರು ತಾವಾಗೇ ಕೊಡೋ ತುರಿಕೆ ಮುಲಾಮುಗಳಲ್ಲಿ ಬಹಳಷ್ಟಕ್ಕೆ ಸ್ಟೀರಾಯ್ಡ್ ಬೆರೆಸಿರ್ತಾರೆ. ಎರಡು ದಿನ ಕೆಂಪು ಇಳಿದ ಹಾಗೆ ಕಂಡು ಆಮೇಲೆ ಸೋಂಕು ಹರಡುತ್ತೆ, ಚರ್ಮ ತೆಳುವಾಗುತ್ತೆ.

ಬಿಸಿಲಿನ ಮಾತು. ಏಪ್ರಿಲ್-ಮೇನಲ್ಲಿ ನಮ್ಮ ಎರಡೂ ಊರು 40 ಡಿಗ್ರಿ ಹತ್ತಿರ ಹೋಗುತ್ತವೆ, ದುರ್ಗದಲ್ಲಿ ಬಂಡೆಯ ಕಾವೂ ಸೇರುತ್ತೆ. ಹುಟ್ಟಿದಾಗಿಂದ ನೆರಳಲ್ಲಿದ್ದ ಚರ್ಮ ಅದು. ಮೊದಲ ವಾರ ಅರ್ಧ ಗಂಟೆಯ ಬಿಸಿಲಿಗೇ ಕೆಂಪಾಗಿ ಉರಿದು ಸಿಪ್ಪೆ ಏಳಬಹುದು. 1ನೇ ನಂಬರಿಗೆ ಬಂದಾಗಿಂದಲೇ ಹತ್ತಿ ಟೋಪಿ ಹಾಕು. ಎಸ್‌ಪಿಎಫ್ 30ಕ್ಕೆ ಕಡಿಮೆ ಇಲ್ಲದ ಸನ್‌ಸ್ಕ್ರೀನ್, ತಲೆ, ಕಿವಿಯ ಮೇಲಂಚು, ಹಿಂಗತ್ತು ಮೂರಕ್ಕೂ ಸೇರಿ ಸುಮಾರು ಒಂದು ಟೀ ಚಮಚ, ಹೊರಡೋಕೆ ಕಾಲು ಗಂಟೆ ಮುಂಚೆ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಿವಿ ಮರೆಯೋರೇ ಜಾಸ್ತಿ. ತಲೆಯ ಬಣ್ಣ ಮುಖಕ್ಕೆ ಹೊಂದೋಕೆ ಕೆಲವು ವಾರ ಹಿಡಿಯುತ್ತೆ. ಅಲ್ಲಿಯವರೆಗೆ ಹಣೆಯ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತೆ, ಗಾಬರಿ ಬೇಡ.

ಹೆಲ್ಮೆಟ್ಟಿಗೆ ಇಷ್ಟು ದಿನ ಕೂದಲೇ ಮೆತ್ತೆ. ಅದು ಹೋದ ಮೇಲೆ ಸೈಜು ಸಡಿಲವಾಗಬಹುದು, ಪಟ್ಟಿ ಮತ್ತೆ ಬಿಗಿದುಕೋ. ಒಳಗಿನ ಬೆವರು ಮೆತ್ತೆಯನ್ನ ವಾರಕ್ಕೊಮ್ಮೆ ಬಿಚ್ಚಿ ಒಗಿ, ಒಳಗೊಂದು ತೆಳು ಹತ್ತಿ ಟೋಪಿ ಹಾಕು. ಗುಳ್ಳೆ ಬರೋದಕ್ಕೆ ಬ್ಲೇಡಿನಷ್ಟೇ ಅದೂ ಕಾರಣ.

ಮೀಸೆ ತೆಗೀಬೇಡ. ತಲೆ, ಮೀಸೆ ಎರಡೂ ಒಟ್ಟಿಗೆ ಹೋದರೆ ಆಫೀಸಿನಲ್ಲಿ ನಿನ್ನ ಗುರುತು ಹಿಡಿಯೋಕೆ ಎರಡು ದಿನ ಬೇಕು. ಟ್ರಿಮ್ ಮಾಡಿದ ಗಡ್ಡ ಇದ್ದರೆ ಮುಖ ತುಂಬಿದ ಹಾಗಿರುತ್ತೆ. "ತಿರುಪತಿಗೆ ಯಾವಾಗ ಹೋಗಿದ್ರಿ? ಲಡ್ಡು ಎಲ್ಲಿ?" ಅಂತ ಕೇಳೋರಿಗೆ ಒಂದು ವಾರದ ಸಂಭ್ರಮ, ನಕ್ಕು ಸುಮ್ಮನಿರು.

ಕಾರಹುಣ್ಣಿಮೆ ಮುಗಿದ ವಾರ ಇಲ್ಲಿಗೇ ಬಾ. ಅಕ್ಕನನ್ನೂ ಕರೆದುಕೊಂಡು ಬಾ, ನಿಮ್ಮತ್ತೆ ಮಿರ್ಚಿ, ಮಂಡಕ್ಕಿ ಮಾಡಿಟ್ಟಿರ್ತಾಳೆ. ನಮ್ಮ ಬೀದಿಯ ಅಂಗಡಿಯವರಿಗೆ ಹೇಳಿಟ್ಟಿರ್ತೇನೆ. ಮಂಗಳವಾರ ಮಾತ್ರ ಹೊರಡಬೇಡ, ಅಂಗಡಿ ಬಾಗಿಲು ಹಾಕಿರುತ್ತೆ.

ನಿನ್ನ ಮಾವ