ಲ್ಯಾಬ್‌ನವರಿಗೆ, ಲೈಬ್ರರಿಯವರಿಗೆ, ನನ್ನ ವಿದ್ಯಾರ್ಥಿಗಳಿಗೆ

ಕಳೆದ ತಿಂಗಳು ನಿವೃತ್ತಳಾದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವುದು, ಅದರಲ್ಲೂ ಪ್ರಾಜೆಕ್ಟ್ ರಿಪೋರ್ಟ್ ಬರೆಯಲು ಕಲಿಸುವುದು ನನ್ನ ಕೆಲಸವಾಗಿತ್ತು. ಬೀಳ್ಕೊಡುಗೆಯ ದಿನ ಮೈಕ್ ಹಿಡಿದರೆ ಗಂಟಲು ಕಟ್ಟಿತು. ಅವತ್ತು ಹೇಳದೆ ಉಳಿದದ್ದು ಇದು.

ಮೊದಲ ಥ್ಯಾಂಕ್ಸ್ ಕಾಂಕ್ರೀಟ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಅವರಿಗೆ. ಹೊಳೆ ಮರಳಿನ ಬದಲು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು, ಹಾಕಿ ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ಮಾಡಿದ್ದ ತಂಡವೊಂದು, ಫಲಿತಾಂಶ ತುಂಬಾ ಚೆನ್ನಾಗಿದೆ ಅಂತ ಇಂಗ್ಲಿಷಿನಲ್ಲಿ ಬರೆದು ತಂದಿತ್ತು. ವ್ಯಾಕರಣ ಸರಿಯಾಗಿಯೇ ಇತ್ತು. ಇವರು ಓದಿ, “ಕ್ಯೂಬ್ ಯಾವ ಸೈಜಿಂದು? ಎಷ್ಟು ದಿನ ನೀರಲ್ಲಿಟ್ರಿ? ಎಷ್ಟು ಲೋಡಿಗೆ ಒಡೀತು?” ಅಂತ ಕೇಳಿದರು. ಹುಡುಗರು ಮತ್ತೆ ಕೂತು ಬರೆದರು. 150 ಮಿ.ಮೀ. ಕ್ಯೂಬ್, 28 ದಿನದ ಕ್ಯೂರಿಂಗ್, ಒಡೆದಾಗಿನ ಲೋಡ್, ಹೊಳೆ ಮರಳಿನ ಕ್ಯೂಬಿಗೂ ಇದಕ್ಕೂ ಎಷ್ಟು ವ್ಯತ್ಯಾಸ, ಎಲ್ಲ ಬಂತು. ವಾಕ್ಯಗಳೂ ನೆಟ್ಟಗಾದವು. ಆಮೇಲೆ ಪ್ರತಿ ವರ್ಷ ಅವರನ್ನು ನನ್ನ ಕ್ಲಾಸಿಗೆ ಕರೆದೆ. ಇಂಗ್ಲಿಷ್ ಮೇಷ್ಟ್ರು ಒಬ್ಬರೇ ಈ ಪಾಠ ಮಾಡಲಾಗದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೈಬ್ರರಿಯ ಮೇಡಂಗೂ ನಾನು ಋಣಿ. ನೆಟ್‌ನಿಂದ ಕಾಪಿ ಹೊಡೆಯುತ್ತಾರೆ ಅಂತ ಮಕ್ಕಳನ್ನು ಬೈಯುವವರು ಜಾಸ್ತಿ, ಬೇರೆ ದಾರಿ ತೋರಿಸುವವರು ಕಡಿಮೆ. ಮೇಡಂ ಸಂಶೋಧನಾ ಪೇಪರ್ ಓದಿಸಿ ಮುಚ್ಚಿಡಿಸುತ್ತಿದ್ದರು. ಅರ್ಥವಾದದ್ದನ್ನು ಕನ್ನಡದಲ್ಲೇ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಎಂಜಿನಿಯರುಗಳ ಸಂಸ್ಥೆಯಾದ ಐಇಇಇಯ ಪದ್ಧತಿಯಲ್ಲಿ ಆಧಾರದ ನಂಬರ್ ಚೌಕ ಬ್ರ್ಯಾಕೆಟ್ಟಿನಲ್ಲಿ ಎಲ್ಲಿ ಹಾಕಬೇಕು ಅಂತ ಪಕ್ಕದಲ್ಲಿ ಕೂತು ತೋರಿಸುತ್ತಿದ್ದರು.

ಇನ್ನು ನೀವು, ನನ್ನ ವಿದ್ಯಾರ್ಥಿಗಳು. ರಾಯಚೂರು, ಚಳ್ಳಕೆರೆ, ಕೊಳ್ಳೇಗಾಲದ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಮೊದಮೊದಲು ಹಿಂದಿನ ಬೆಂಚಿಗೆ ಸರಿಯುತ್ತಿದ್ದಿರಿ. ಮೋಟರ್ ಯಾಕೆ ಬಿಸಿಯಾಗುತ್ತದೆ ಅಂತ ಕನ್ನಡದಲ್ಲಿ ಎಷ್ಟು ಚೆನ್ನಾಗಿ ಬಿಡಿಸಿ ಹೇಳುತ್ತಿದ್ದಿರಿ! ವಿಷಯ ಅಷ್ಟು ಗೊತ್ತಿದ್ದವರಿಗೆ ಇಂಗ್ಲಿಷ್ ಕಲಿಸುವುದು ನನಗೆ ಸಿಕ್ಕ ಭಾಗ್ಯ. ಕೆಂಪು ಗುರುತು ತುಂಬಿದ ಅಬ್‌ಸ್ಟ್ರಾಕ್ಟನ್ನು (ರಿಪೋರ್ಟಿನ ಸಾರಾಂಶವನ್ನು) ಎಲ್ಲರೆದುರು ಓದಿ, ಮತ್ತೆ ತಿದ್ದಿ ತಂದಿರಲ್ಲ, ಅದಕ್ಕೆ ಧೈರ್ಯ ಬೇಕು. ಮುಂದಿನ ಬ್ಯಾಚಿನವರಿಗೆ ನೀವೇ ಕೂತು ಹೇಳಿಕೊಟ್ಟದ್ದನ್ನೂ ನೋಡಿದ್ದೇನೆ.

ನಾನು ತಿದ್ದಿದ ಹಳೆಯ ರಿಪೋರ್ಟ್‌ಗಳನ್ನು ಹೊಸ ಮೇಡಂ ಕೈಗೆ ಕೊಟ್ಟಿದ್ದೇನೆ. ಕೇಳಿ ಪಡೆಯಿರಿ. ಪೇಪರ್ ಬರೆದರೆ ನನಗೂ ಕಳಿಸಿ, ಓದಲು ಈಗ ಬೇಕಾದಷ್ಟು ಸಮಯವಿದೆ.