ಮಗಳಿಗೊಂದು ಪತ್ರ: ಸುನಂದಾನ ಅಂಜಿಕಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನ್ಯಾಗ ಭಾಗ್ಯಲಕ್ಷ್ಮಿ ಸೀರಿಯಲ್ ಮಾತು ಬಂದಾಗ ನೀ ಭಾಗ್ಯಾನ ಅವ್ವ ಸುನಂದಾಗ ಬಾಯಿಗೆ ಬಂದಂಗ ಬೈದಿ, ಇಂಥ ಅವ್ವ ಇದ್ರೆಷ್ಟು ಬಿಟ್ರೆಷ್ಟು ಅಂದಿ. ಆ ಮಾತು ತಲ್ಯಾಗ ಹೊಕ್ಕೊಂಡು ಕುಂತೈತಿ, ಅದಕ್ಕ ಬರಿಯಾಕತ್ತೀನಿ.

2022ರ ಅಕ್ಟೋಬರದಾಗ ಕಲರ್ಸ್ ಕನ್ನಡದಾಗ ಆ ಸೀರಿಯಲ್ ಶುರು ಆದಾಗಿಂದ ನಮ್ಮ ನವನಗರದ ಹೆಂಗಸರ ಬಾಯಾಗ ಒಂದ ಮಾತು, ಅತ್ತಿ ಅಂದ್ರ ಕುಸುಮಾ ಇದ್ದಂಗಿರಬೇಕು ಅಂತ. ಖರೇನ ಐತಿ, ಹೆತ್ತ ಮಗ ತಾಂಡವ್‌ನ ಬಿಟ್ಟು ಸೊಸಿ ಭಾಗ್ಯಾನ ಬೆನ್ನಿಗೆ ನಿಂತಾಳ, ಆ ಪಾತ್ರ ಮಾಡಿದ ಪದ್ಮಜಾ ರಾವ್ ಸುಷ್ಮಾ ರಾವ್ ಇಬ್ಬರೂ ಕೂಡಿ ಕುಂತ್ರ ಅತ್ತಿ ಸೊಸಿ ಅಂತ ಅನಸೂದ ಇಲ್ಲ. ಹೆತ್ತಾಕಿ ಸುನಂದಾ ಮಾತ್ರ ಅಳಿಯ ಇನ್ನೊಬ್ಬಾಕಿನ್ನ ಕಟಗೊಂಡ ಮ್ಯಾಲೂ ಮಗಳಿಗೆ ತಾಂಡವ್ ಜೋಡಿ ಒಂದಾಗು ಅಂತಾಳ.

ನಾ ಒಳಗ ರೊಟ್ಟಿ ಬಡಿಯೂವಾಗ ಟಿವಿ ಕಾಣೂದಿಲ್ಲ, ಬರೇ ದನಿ ಕೇಳತೈತಿ, ಆವಾಗ ಸುನಂದಾನ ದನಿ ನಮ್ಮ ಕಡಿ ಹಿರ್ಯಾರ ದನಿನ ಅನಸ್ತೈತಿ. ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತಿದ್ರಲ್ಲ. ನಾ ಸಣ್ಣಾಕಿದ್ದಾಗ ನಮ್ಮ ಓಣ್ಯಾಗ ಒಬ್ಬಾಕಿ ಗಂಡನ ಬಡತ ತಾಳಲಾರದ ತವರಿಗೆ ಓಡಿ ಬಂದಿದ್ಲು, ಆಕಿ ಅವ್ವ ತಲೀಗೆ ಎಣ್ಣಿ ಹಚ್ಚಿ ಎರದು, ರೊಟ್ಟಿ ಶೇಂಗಾಚಟ್ನಿ ಬುತ್ತಿ ಕಟ್ಟಿ, ಅಳಕೋತನ ಸಂಜಿ ಬಸ್ಸಿಗೆ ಹತ್ತಿಸಿ ಬಂದ್ಲು. ಮಗಳ ಮ್ಯಾಲ ಮಾಯಾ ಇರಲಿಲ್ಲೇನು ಆಕಿಗೆ? ಇತ್ತು. ಅಂಜಿಕಿ ಅದಕ್ಕಿಂತ ದೊಡ್ಡದಿತ್ತು.

ನನಗ ಸಿಟ್ಟಿರೂದು ಸೀರಿಯಲ್ ಬರಿಯವರ ಮ್ಯಾಲ. ನಾ ನೋಡಿದ ಎಪಿಸೋಡ್‌ನ್ಯಾಗ ಸುನಂದಾ ಬರೂದು ಬುದ್ಧಿ ಹೇಳಾಕ ಇಲ್ಲಾ ಜಗಳಾ ಹಚ್ಚಾಕ, ಅಷ್ಟ. ತಾಯಿ ಮಗಳು ಎದುರಬದರ ಕುಂತು, ಯವ್ವಾ ನನಗ ಅಂಜಿಕಿ ಆಗತೈತಿ, ನಾ ಸತ್ತ ಮ್ಯಾಲ ನಿನ್ನ ಯಾರು ನೋಡತಾರು ಅಂತ ಆಕಿ ಬಾಯಿ ಬಿಟ್ಟು ಹೇಳೂ ಒಂದು ಸೀನ್ ಬರೀಬೇಕಿಲ್ಲ? ಭಾಗ್ಯಾನ ಮಗಳು ತನ್ವಿದೂ ಅದ ಹಣೇಬಾರ. ಭಾಗ್ಯ ಹತ್ತನೇತ್ತಾ ಮುಗಸಾಕ ಮಗಳ ಸಾಲಿಗೇ ಹ್ವಾದಾಗ ಆ ಹುಡುಗಿ ನಾಚಕೊಂಡ್ಲು, ಜನ ಆಕಿಗೇ ಬೈದ್ರು, ಮನ್ಯಾಗ ಅಪ್ಪ ದಿನಾ ಅವ್ವನ್ನ ಹಗರ ಮಾಡಿ ಮಾತಾಡೂದನ್ನ ಕೇಳಿ ಬೆಳದ ಕೂಸು ಮತ್ತೇನು ಕಲೀತೈತಿ?

ಆದ್ರೂ ಸುನಂದಾ ಹೇಳೂದು ತಪ್ಪು, ಅದರಾಗ ಎರಡು ಮಾತಿಲ್ಲ. ಇನ್ನ ನಿನ್ನ ಲಗ್ನ ಬಂತು. ಹುಡುಗ ಛಲೋ ಅದಾನ, ಮನಿತನಾನೂ ಛಲೋ ಐತಿ, ನನಗೇನು ಸಂಶೇ ಇಲ್ಲ. ಹೊಂದಕೊಂಡು ಹೋಗವಾ ಅಂತ ನಿಮ್ಮಜ್ಜಿಯಿಂದ ಹಿಡದು ಎಲ್ಲಾರೂ ಹೇಳತಾರ, ನಾನೂ ಹೇಳತೀನಿ, ಸಣ್ಣ ಪುಟ್ಟದಕ್ಕ ಹೊಂದಕೊಳ್ಳಾಕ ಬೇಕು. ಕೈ ಎತ್ತಿದ್ರ, ಕೀಳು ಮಾಡಿ ಮಾತಾಡಿದ್ರ ಹೊಂದಕೊಬ್ಯಾಡ, ಸೀದಾ ಬಾಗಲಕೋಟಿ ಬಸ್ ಹತ್ತು, ಯಾಕ ಬಂದಿ ಅಂತ ನಾ ಕೇಳೂದಿಲ್ಲ, ನಿಮ್ಮಪ್ಪಗೂ ಕೇಳಗೊಡೂದಿಲ್ಲ. ಹುಬ್ಬಳ್ಳಿ ನೌಕರಿನೂ ಬಿಡಬ್ಯಾಡ. ನಿನ್ನ ಪಾಸ್‌ಬುಕ್ ಮಾರ್ಕ್ಸ್ ಕಾರ್ಡ್ ಎಲ್ಲಾ ಇಲ್ಲೇ ಮನ್ಯಾಗಿನ ಟ್ರೆಜರಿ ಕಪಾಟಿನ್ಯಾಗ ಅದಾವ, ಈ ಸಲ ಬಂದಾಗ ನೆಪ್ಪಿಲೆ ತಗೊಂಡು ನಿನ್ನ ಕಡೇನ ಇಟಗೋ.

ನಿನ್ನ ಅವ್ವ