ರಿಜಿಸ್ಟರುಗಳನ್ನು ಉಳಿಸಿಕೊಟ್ಟ ಅಕ್ಕನಿಗೆ, ಮತ್ತು ಎಲ್ಲರಿಗೂ

ಮೊನ್ನೆ ಭಾನುವಾರ ನಮ್ಮ ಶಾಲೆಯಲ್ಲಿ ನಡೆದ ಗುರುವಂದನೆಗೆ 28 ಮಂದಿ ಟೀಚರುಗಳು ಬಂದರು. ಹಳೆಯ ಟೀಚರುಗಳ, ಹಳೆವಿದ್ಯಾರ್ಥಿನಿಯರ ಹೆಸರಿನ ಪುಸ್ತಕವೂ ಅವತ್ತೇ ಎಲ್ಲರ ಕೈಸೇರಿತು. ಕಾರ್ಯಕ್ರಮದ ವಿಷಯ ನಿಮಗೆಲ್ಲ ಗೊತ್ತೇ ಇದೆ, ಪುನಃ ಬರೆಯುವುದಿಲ್ಲ.

ಟೀಚರಿಗೊಂದು ಚೆಂಡಿನ ಲೆಕ್ಕದಲ್ಲಿ ಏಳು ಅಟ್ಟೆ (ಅಟ್ಟೆಗೆ ನಾಲ್ಕು ಚೆಂಡು) ಶಂಕರಪುರ ಮಲ್ಲಿಗೆ ತಂದುಕೊಟ್ಟವರಿಗೆ, ಊಟ ಬಡಿಸಿದವರಿಗೆ, ನಡೆಯಲಾಗದ ಟೀಚರುಗಳನ್ನು ಮನೆಯಿಂದ ಕರೆತಂದು ಮರಳಿ ಬಿಟ್ಟ ರಿಕ್ಷಾದವರಿಗೆ, ಪುಟಪುಟವನ್ನೂ ಸ್ಕ್ಯಾನ್ ಮಾಡಿಕೊಟ್ಟ ಹುಡುಗರಿಗೆ, ಹಣ ಕೊಟ್ಟು ಹೆಸರು ಬೇಡವೆಂದವರಿಗೆ ನಾವು ಋಣಿಗಳು.

ಆದರೆ ಮಳೆಗಾಲದ ಆಟಿ ತಿಂಗಳ ಆ ರಾತ್ರಿ, ರಿಜಿಸ್ಟರುಗಳನ್ನು ಉಳಿಸಲೇಬೇಕೆಂದು ಪಟ್ಟುಹಿಡಿದು ನಿಂತವರು ಒಬ್ಬರೇ. ಶಾಲೆಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದ ನಮ್ಮ ಅಕ್ಕ. ಮಾಡಿನ ಹೆಂಚು ಜಾರಿ ಕಪಾಟಿನ ಮೇಲೆ ನೀರು ಸುರಿದು ವಿದ್ಯಾರ್ಥಿನಿಯರ ಹೆಸರಿದ್ದ 17 ಹಳೆಯ ರಿಜಿಸ್ಟರುಗಳು ಒದ್ದೆಯಾಗಿದ್ದವು. ಬೆಳಿಗ್ಗೆ ಬಿಸಿಲು ಬಂದ ಮೇಲೆ ನೋಡೋಣ ಎಂದವರೇ ಹೆಚ್ಚು. ಅಕ್ಕ ಕೇಳಲಿಲ್ಲ. ಮಳೆಗಾಲದಲ್ಲಿ ಒದ್ದೆ ಕಾಗದವನ್ನು ಎರಡು ದಿನ ಬಿಟ್ಟರೆ ಬೂಷ್ಟು ಹಿಡಿಯುತ್ತದೆ, ಹಾಳೆಗೆ ಹಾಳೆ ಅಂಟುತ್ತದೆ. ಆಮೇಲೆ ಬಿಡಿಸಲು ಹೋದರೆ ಅಕ್ಷರವೇ ಕಿತ್ತು ಬರುತ್ತದೆ.

ನಮ್ಮ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಗರ್ಲ್ಸ್ ಶಾಲೆ ಆರಂಭಿಸಿದ್ದು 1894ರಲ್ಲಿ, ಕೊಡಿಯಾಲ್‌ಬೈಲಿನ ಬೆಸೆಂಟ್ ಶಾಲೆ 1918ರದ್ದು. ಇಂಥ ಊರಿನಲ್ಲಿ ಹಳೆಯ ರಿಜಿಸ್ಟರುಗಳ ಕಪಾಟು ಒಂದೆರಡಲ್ಲ. ಉಳಿದ ಶಾಲೆಗಳವರಿಗೂ ಉಪಯೋಗಕ್ಕೆ ಬರಲಿ ಎಂದು ಅಕ್ಕ ಮಾಡಿದ್ದನ್ನು ಬಿಡಿಸಿಯೇ ಬರೆಯುತ್ತಿದ್ದೇವೆ.

ಮೊದಲು ಬೈರಾಸಿನಿಂದ (ಟವೆಲಿನಿಂದ) ರಟ್ಟಿನ ಮೇಲಿನ ನೀರು ಒತ್ತಿ ತೆಗೆದರು. "ಒರೆಸ್ಬೇಡಿ, ಒತ್ತಿದ್ರೆ ಸಾಕು. ಒರೆಸಿದ್ರೆ ಅಕ್ಷರವೂ ಬರ್ತದೆ" ಅಂತ ಎಲ್ಲರಿಗೂ ಹೇಳುತ್ತಿದ್ದರು. ಕೆಂಪು ಬಟ್ಟೆಯ ರಟ್ಟು ಬಣ್ಣ ಬಿಡುತ್ತದೆಂದು ಅದಕ್ಕೂ ಮೊದಲ ಹಾಳೆಗೂ ನಡುವೆ ಹರಿದ ಬಿಳಿ ಪಂಚೆಯ ತುಂಡು ಇಟ್ಟರು. ಹಳೆಯ ನ್ಯೂಸ್‌ಪೇಪರ್ ಬೇಡ, ಅದರ ಮಸಿ ಒದ್ದೆ ಹಾಳೆಗೆ ಹತ್ತುತ್ತದೆ ಎಂದು ಪರೀಕ್ಷೆಯಲ್ಲಿ ಉಳಿದ ಖಾಲಿ ಉತ್ತರಪತ್ರಿಕೆಗಳನ್ನು ಹುಡುಕಿ ತಂದರು. ಹತ್ತು ಹಾಳೆಗೊಂದರಂತೆ ಅವನ್ನು ಸೇರಿಸಿದರು. ಹೆಚ್ಚು ಸೇರಿಸಿದರೆ ಪುಸ್ತಕ ಉಬ್ಬಿ ಹೊಲಿಗೆ ಬಿಡುತ್ತದೆ. ಒದ್ದೆಯಾದದ್ದನ್ನು ಗಂಟೆಗೊಮ್ಮೆ ತೆಗೆದು ಒಣಗಿದ್ದು ಇಡುತ್ತಾ ಹೋದರು. ಕರೆಂಟು ಬಂದದ್ದು ರಾತ್ರಿ ಎರಡಕ್ಕೆ. ಆಗ ರಿಜಿಸ್ಟರುಗಳನ್ನು ಬೆಂಚಿನ ಮೇಲೆ ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ, ಫ್ಯಾನನ್ನು ಗೋಡೆಯ ಕಡೆಗೆ ತಿರುಗಿಸಿದರು. ನೇರ ಗಾಳಿಗೆ ಹಾಳೆ ಹರಿಯುತ್ತದೆ, ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ.

ಕೆಂಪು ಶಾಯಿಯದ್ದು ಉಳಿಯಲಿಲ್ಲ. ಬರೀ ನೀಲಿಯದ್ದೂ ಹರಡಿತು. ಬ್ಲೂ-ಬ್ಲ್ಯಾಕ್ ಶಾಯಿಯಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅದು ಕಾಗದಕ್ಕೆ ಕಚ್ಚಿ ನಿಂತಿತ್ತು. ಪೆನ್ಸಿಲ್ಲಿನಲ್ಲಿ ಬರೆದದ್ದು ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.

ಆ ಪೆನ್ಸಿಲ್ ಸಾಲು ಕಂಡದ್ದೂ ಅಕ್ಕನಿಗೇ. 1974ರ ಪುಟ. ಏಳನೇ ತರಗತಿಯ ಹುಡುಗಿಯ ಹೆಸರಿನ ಮುಂದೆ ಶಾಲೆ ಬಿಟ್ಟ ಕಾರಣದ ಕಾಲಂನಲ್ಲಿ "ಬೀಡಿ ಕಟ್ಟಲು". ಪಕ್ಕದ ಅಂಚಿನಲ್ಲಿ ಟೀಚರ ಸಣ್ಣ ಅಕ್ಷರ: "ಮೂರು ಸಲ ಮನೆಗೆ ಹೋಗಿ ಬಂದೆ. ಕಳಿಸಲಿಲ್ಲ." ಅಕ್ಕ ಅದನ್ನು ಗಟ್ಟಿಯಾಗಿ ಓದಿ ಸುಮ್ಮನಾದರು. ಆ ಟೀಚರ್ ಈಗಿಲ್ಲ. ಈ ಗುರುವಂದನೆ ಹತ್ತು ವರ್ಷ ಮೊದಲೇ ಆಗಬೇಕಿತ್ತು. ಆಗಲಿಲ್ಲ. ಕ್ಷಮೆ ಕೇಳುವುದಾದರೂ ಯಾರ ಹತ್ತಿರ?

ಎಸ್ಸೆಸ್ಸೆಲ್ಸಿ ಮುಗಿಸಿದವರಷ್ಟೇ ಹಳೆವಿದ್ಯಾರ್ಥಿನಿಯರಲ್ಲ, ಅರ್ಧದಲ್ಲಿ ಬಿಟ್ಟವರೂ ಪಟ್ಟಿಯಲ್ಲಿ ಇರಲೇಬೇಕೆಂದು ಅಕ್ಕ ಹಟ ಹಿಡಿದದ್ದು ಅವತ್ತಿನಿಂದ. ಇದ್ದಾರೆ ಅಕ್ಕ, ಎಲ್ಲರೂ ಇದ್ದಾರೆ.

ಹೆಸರು ಕೂಡಿಸಲು ದಿನವೂ ಫೋನು ಮಾಡಿದವರಿಗೂ ಧನ್ಯವಾದ. ಗೌಡ ಸಾರಸ್ವತರ ಮನೆಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುವ ಕ್ರಮವಿತ್ತು. ರಿಜಿಸ್ಟರಿನ ಹೆಸರು ಹಿಡಿದು ಕೇಳಿದರೆ ಗಂಡನ ಮನೆಯ ಕಡೆ ಗುರುತೇ ಸಿಗುವುದಿಲ್ಲ. ಆದ್ದರಿಂದ ಅಡ್ಮಿಶನ್ ನಂಬರನ್ನೇ ಆಧಾರವಾಗಿಟ್ಟು ಶಾಲೆಯ ಹೆಸರು, ಈಗಿನ ಹೆಸರು, ತವರುಮನೆ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದೆವು. ನಮ್ಮ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲದ ಪುಟಗಳಲ್ಲಿ "ಒಂದನೇ ಫಾರ್ಮ್" ಎಂದರೆ ಆರನೇ ತರಗತಿ ಎಂದು ತಿಳಿಸಿಕೊಟ್ಟ ಹಿರಿಯರಿಲ್ಲದಿದ್ದರೆ ಎಷ್ಟೋ ಬ್ಯಾಚುಗಳು ತಪ್ಪಾಗುತ್ತಿದ್ದವು.

ಗ್ರೂಪ್ ಫೋಟೋಗಳಲ್ಲಿ ಒಂದು ತಿರುಗಿ ಪ್ರಿಂಟ್ ಆಗಿತ್ತು. ಟೀಚರುಗಳೆಲ್ಲರ ಸೆರಗು ಬಲ ಭುಜದ ಮೇಲೆ ಕಂಡಾಗಲೇ ಅದು ಗೊತ್ತಾಯಿತು. ಒಬ್ಬರೋ ಇಬ್ಬರೋ ಆಗಿದ್ದರೆ ಕೊಡಗಿನ ಸೀರೆ ಎನ್ನಬಹುದಿತ್ತು. "ಎಡದಿಂದ" ಎಂದು ಬರೆದಿದ್ದ ಹೆಸರುಗಳನ್ನು ಬಲದಿಂದ ಓದಿದ ಮೇಲೆ ಎಲ್ಲ ಸರಿಹೋಯಿತು.

ಇನ್ನೊಂದು ಫೋಟೋ ಗಾಜಿಗೆ ಅಂಟಿಕೊಂಡಿದೆ. ಎಳೆದರೆ ಮುಖಗಳು ಗಾಜಿನಲ್ಲೇ ಉಳಿಯುತ್ತವೆ, ಹಾಗಾಗಿ ಫ್ರೇಮಿನ ಸಮೇತ ಆಫೀಸಿನಲ್ಲಿಟ್ಟಿದ್ದೇವೆ. ಎರಡನೇ ಸಾಲಿನಲ್ಲಿ ಬಲದಿಂದ ಮೂರನೆಯವರು, ದಪ್ಪ ಫ್ರೇಮಿನ ಕನ್ನಡಕ, ಕೈಯಲ್ಲಿ ಉದ್ದ ಕೊಡೆ. ಅಕ್ಕ ಕೆಲಸಕ್ಕೆ ಸೇರುವ ಮೊದಲಿನವರು, ಅವರಿಗೂ ಗುರುತು ಸಿಗಲಿಲ್ಲ. ಗೊತ್ತಿದ್ದವರು ದಯವಿಟ್ಟು ಬಂದು ನೋಡಿ. ಹೆಸರು ಬರೆಯಲು ಪಕ್ಕದಲ್ಲೇ ಪುಸ್ತಕ, ಪೆನ್ಸಿಲ್ ಇಟ್ಟಿದ್ದೇವೆ.